ಫೋಟಾನ್ ಕಲಿಸುವ ಕಿಟ್: ಒಂದು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ಈ ಕಿಟ್ ನಮ್ಮ ಲ್ಯಾಬಿಗೆ ಬಂದು ಒಂದು ವರ್ಷ ತುಂಬಿತು. ಎರಡು ಬ್ಯಾಚಿನ ಮಕ್ಕಳು ಇದನ್ನು ಬಳಸಿದ್ದಾರೆ. ಬಂದ ವಾರವೇ ಇದರ ಬಗ್ಗೆ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ಲ್ಯಾಬ್ ಸಾಮಾನು ಅಂದರೆ ಮಕ್ಕಳ ಕೈಯಲ್ಲಿ ಓಡಾಡಬೇಕು, ಒಂದೆರಡು ಸಲ ಕೆಳಗೆ ಬೀಳಬೇಕು, ತಂತಿ ಸಡಿಲ ಆಗಬೇಕು. ಅದರ ಗುಣ ಗೊತ್ತಾಗುವುದು ಆಮೇಲೆ.

ಮೊದಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರ ಕಲಿಸುವವರು ಇಂಥದ್ದೊಂದು ಕಿಟ್ ಇಟ್ಟುಕೊಳ್ಳಿ. ಬೆಳಕು ತನ್ನ ಶಕ್ತಿಯನ್ನು ಗಂಟುಗಂಟಾಗಿ ಕೊಡುತ್ತದೆ, ಆ ಗಂಟಿಗೇ ಫೋಟಾನ್ ಅನ್ನುತ್ತಾರೆ, ಒಂದೊಂದು ಗಂಟು ಎಷ್ಟು ದೊಡ್ಡದು ಅನ್ನೋದು ಬಣ್ಣದ ಮೇಲೆ ನಿಂತಿದೆ. ಇದನ್ನು ಮಕ್ಕಳು ಕಣ್ಣಾರೆ ನೋಡುವ ಹಾಗೆ ಈ ಪೆಟ್ಟಿಗೆ ಮಾಡುತ್ತದೆ. ಆದರೆ ಜೊತೆಗೆ ಬರುವ ಕೈಪಿಡಿ, ಪೆಟ್ಟಿಗೆ ತೋರಿಸುವುದಕ್ಕಿಂತ ಜಾಸ್ತಿ ಹೇಳಿಕೊಳ್ಳುತ್ತದೆ. ಅದನ್ನು ಮಕ್ಕಳ ಮುಂದೆ ಓದುವ ಮೊದಲು ನೀವೇ ಒಮ್ಮೆ ಪೆನ್ಸಿಲ್ ಹಿಡಿದು ಓದಬೇಕು. ಇಂಥ ಕಿಟ್‌ಗಳನ್ನು ಹಲವರು ತಯಾರಿಸುತ್ತಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾನು ತಯಾರಕರ ಹೆಸರು ಹಾಕುತ್ತಿಲ್ಲ. ಕೊಳ್ಳುವಾಗ ಏನು ನೋಡಬೇಕು ಅನ್ನೋದು ತಿಳಿದರೆ ಸಾಕು.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. ಆರು ಎಲ್‌ಇಡಿ ಕೂರಿಸಿದ ಒಂದು ಕಪ್ಪು ಡಬ್ಬಿ, ಅದರ ವೋಲ್ಟೇಜ್ ತಿರುಗಿಸಲು ಒಂದು ನಾಬ್, ಮಲ್ಟಿಮೀಟರ್ ಸಿಕ್ಕಿಸಲು ತೂತುಗಳು. ಕಣ್ಣಿಗೆ ಹಿಡಿದು ಎಲ್‌ಇಡಿ ನೋಡಲು ಕಪ್ಪು ಕಾಗದದ ಕೊಳವೆ. ಕತ್ತಲಲ್ಲಿ ಹೊಳೆಯುವ ಒಂದು ಹಾಳೆ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಮಿಲಿಮೀಟರಿಗೆ 500 ಗೆರೆ ಇರುವ ಗ್ರೇಟಿಂಗ್. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರಾಯ್ಡ್, ಮೂರು ತುಂಡು. ಒಂದು ಕೆಂಪು ಲೇಸರ್, ಎರಡು ಸೀಳಿನ ಸ್ಲೈಡ್, ಬೆಳಕು ತಗ್ಗಿಸಲು ಎರಡು ಕಪ್ಪು ಫಿಲ್ಮ್. ಮಲ್ಟಿಮೀಟರ್ ನಮ್ಮದೇ ಬಳಸಬೇಕು.

ಎಲ್ಲಕ್ಕಿಂತ ಸಾಧಾರಣವಾಗಿ ಕಾಣುವ ವಸ್ತುವಿನಿಂದ ಶುರು ಮಾಡುತ್ತೇನೆ: ಆ ಹೊಳೆಯುವ ಹಾಳೆ. ಪೆಟ್ಟಿಗೆ ಬಿಚ್ಚಿದ ದಿನ ನಾನು ಅದನ್ನು ಆಟದ ಸಾಮಾನು ಅಂದುಕೊಂಡು ಪಕ್ಕಕ್ಕೆ ಇಟ್ಟಿದ್ದೆ. ಈಗ ಫೋಟಾನ್ ಪಾಠ ಶುರುವಾಗುವುದೇ ಅದರಿಂದ. ಕಿಟಕಿ ಮುಚ್ಚಿ, ಹಾಳೆಯನ್ನು ಒಂದು ಗಂಟೆ ಕತ್ತಲಲ್ಲಿ ಇಟ್ಟು ಪೂರ್ತಿ ಮಂಕಾಗಿಸಿ ತರುತ್ತೇನೆ. ಒಬ್ಬ ಹುಡುಗನ ಕೈಗೆ ಕೆಂಪು ಲೇಸರ್ ಕೊಟ್ಟು, ಹಾಳೆಯ ಮೇಲೆ ನಿನ್ನ ಹೆಸರು ಬರಿ ಅನ್ನುತ್ತೇನೆ. ಚುಕ್ಕಿ ಕಣ್ಣು ಕುಕ್ಕುವಷ್ಟು ಪ್ರಕಾಶಮಾನ. ಅವನು ಬರೆಯುತ್ತಾನೆ. ಲೇಸರ್ ಆರಿಸಿದರೆ ಹಾಳೆಯಲ್ಲಿ ಏನೂ ಇಲ್ಲ. ಒಂದೇ ಜಾಗದಲ್ಲಿ ಐದು ನಿಮಿಷ ಹಿಡಿ ಅನ್ನುತ್ತೇನೆ. ಹಿಡಿಯುತ್ತಾನೆ. ಆಗಲೂ ಏನೂ ಇಲ್ಲ. ಆಮೇಲೆ ನೇರಳೆ ಎಲ್‌ಇಡಿ ತಗೊಂಡು, ನಾಬ್ ತಗ್ಗಿಸಿ, ಕಣ್ಣಿಗೆ ಕಂಡೂ ಕಾಣದಷ್ಟು ಮಂದ ಮಾಡಿ, ಹಾಳೆಯ ಮೇಲೆ ಸುಮ್ನೆ ಒಮ್ಮೆ ಎಳೆಯುತ್ತೇನೆ. ಹಸಿರು ಗೆರೆ ಮೂಡುತ್ತದೆ. ಎಲ್‌ಇಡಿ ತೆಗೆದ ಮೇಲೂ ಗೆರೆ ಹೊಳೆಯುತ್ತಾ ಉಳಿಯುತ್ತದೆ.

ಆ ಹೊತ್ತಿನ ಮೌನ ನನಗೆ ತುಂಬ ಇಷ್ಟ. ಮಕ್ಕಳಿಗೆ ಅಲ್ಲಿಯವರೆಗೆ ಜಾಸ್ತಿ ಬೆಳಕು ಅಂದರೆ ಜಾಸ್ತಿ ಕೆಲಸ. ಬೆಳಕು ಅಲೆ ಅಂತ ಕಲಿತಿದ್ದಾರೆ. ಅಲೆ ದೊಡ್ಡದಾದರೆ ಅಥವಾ ಹೆಚ್ಚು ಹೊತ್ತು ಬಡಿದರೆ ಶಕ್ತಿ ಕೂಡಿಕೊಳ್ಳಬೇಕು ಅಲ್ವಾ? ಕೂಡಿಕೊಳ್ಳಲಿಲ್ಲ ಯಾಕೆ?

ಇಲ್ಲಿ ಲೆಕ್ಕ ಸುಲಭ. 1240 ಅನ್ನೋ ಸಂಖ್ಯೆಯನ್ನು ನ್ಯಾನೋಮೀಟರ್‌ನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನಿಗೆ ಸಿಗುವ ಶಕ್ತಿ) ಲೆಕ್ಕದಲ್ಲಿ ಸಿಗುತ್ತದೆ. ಲೇಸರ್‌ನ ಕೆಂಪು 650 ನ್ಯಾನೋಮೀಟರ್, ಅಂದರೆ ಸುಮಾರು 1.9. ನೇರಳೆ ಎಲ್‌ಇಡಿ 395 ನ್ಯಾನೋಮೀಟರ್, ಅಂದರೆ ಸುಮಾರು 3.1. ಹಾಳೆಯ ಪುಡಿಯೊಳಗಿನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸಲು ಒಂದೇ ಏಟಿಗೆ ಸಾಕಷ್ಟು ಶಕ್ತಿ ಬೇಕು. ಕೆಂಪು ಗಂಟು ಅಷ್ಟು ದೊಡ್ಡದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: "ಒಂದಡಿ ಎತ್ತರ ಹಾರುವವರು ನೂರು ಜನ ಬಂದರೂ ನಾಲ್ಕಡಿ ಗೋಡೆ ದಾಟಲ್ಲ ಮೇಡಂ. ಐದಡಿ ಹಾರುವವನು ಒಬ್ಬನೇ ಬಂದರೆ ಸಾಕು." ಅಂದಿನಿಂದ ನಾನು ಇದೇ ಮಾತಿನಲ್ಲಿ ಪಾಠ ಮಾಡುತ್ತೇನೆ.

ಈ ಪ್ರಯೋಗದಲ್ಲಿ ಒಂದು ಎಚ್ಚರ. ಇನ್ನೊಬ್ಬ ಹುಡುಗ ಫೋನಿನ ಟಾರ್ಚಿಗೆ ತೆಳು ಕೆಂಪು ಪ್ಲಾಸ್ಟಿಕ್ ಕಾಗದ ಸುತ್ತಿ ಹಾಳೆಯ ಮೇಲೆ ಹಿಡಿದ. ಹಾಳೆ ಮಂದವಾಗಿ ಹೊಳೆಯಿತು. "ಮೇಡಂ, ಕೆಂಪಿಗೂ ಆಯ್ತು ನೋಡಿ" ಅಂದ. ಇಡೀ ತರಗತಿ ನನ್ನ ಮುಖ ನೋಡಿತು. ಆ ಕಾಗದವನ್ನೇ ಗ್ರೇಟಿಂಗ್ ಮೂಲಕ ನೋಡಿ ಅಂದೆ. ಕೆಂಪಿನ ಪಕ್ಕದಲ್ಲಿ ತೆಳ್ಳಗೆ ನೀಲಿ ಕೂಡ ಕಾಣಿಸಿತು. ಫೋನಿನ ಬಿಳಿ ಬೆಳಕಿನಲ್ಲಿ ನೀಲಿ ಬೇಕಾದಷ್ಟಿದೆ, ತೆಳು ಕಾಗದ ಅದನ್ನು ಪೂರ್ತಿ ತಡೆಯುವುದಿಲ್ಲ. ಕಾಗದವನ್ನು ನಾಲ್ಕು ಪದರ ಮಾಡಿ ಹಿಡಿದಾಗ ಹಾಳೆ ಸುಮ್ಮನಾಯಿತು. ಆ ಹುಡುಗನ ಆಕ್ಷೇಪಣೆಯಿಂದ ತರಗತಿಗೆ ಸಿಕ್ಕಿದ್ದು ಕೈಪಿಡಿಯ ಮೂರು ಪುಟಕ್ಕಿಂತ ದೊಡ್ಡದು. ಕಿಟ್‌ನಲ್ಲಿ ಹಾಳೆ ಮತ್ತು ಗ್ರೇಟಿಂಗ್ ಎರಡೂ ಒಟ್ಟಿಗೆ ಇರಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ಮುಖ್ಯ ಪ್ರಯೋಗ, ಎಲ್‌ಇಡಿ ಡಬ್ಬಿಯಿಂದ ಪ್ಲಾಂಕ್ ಸ್ಥಿರಾಂಕ ಅಳೆಯುವುದು, ಅಂದರೆ ಬೆಳಕಿನ ಆವೃತ್ತಿಗೂ ಒಂದು ಫೋಟಾನಿನ ಶಕ್ತಿಗೂ ನಂಟು ಹಾಕುವ ಸಂಖ್ಯೆ. ಇದು ದ್ಯುತಿವಿದ್ಯುತ್ ಪರಿಣಾಮದ ತಲೆಕೆಳಗು. ಅಲ್ಲಿ ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಹೊರಗೆ ತಳ್ಳುತ್ತದೆ. ಇಲ್ಲಿ ವೋಲ್ಟೇಜಿನಿಂದ ಶಕ್ತಿ ಪಡೆದ ಎಲೆಕ್ಟ್ರಾನ್ ಕೆಳಗೆ ಬೀಳುವಾಗ ಒಂದು ಫೋಟಾನ್ ಹೊರಬರುತ್ತದೆ. ಕೆಂಪು ಫೋಟಾನಿಗೆ ಕಡಿಮೆ ವೋಲ್ಟೇಜ್ ಸಾಕು, ನೀಲಿಗೆ ಜಾಸ್ತಿ ಬೇಕು. ಕೊಳವೆಯನ್ನು ಕಣ್ಣಿಗೆ ಒತ್ತಿ ಹಿಡಿದು, ನಾಬನ್ನು ನಿಧಾನಕ್ಕೆ ತಿರುಗಿಸಿ, ಬೆಳಕು ಮೊದಲು ಕಾಣಿಸಿದ ಕ್ಷಣ "ಈಗ" ಅನ್ನಬೇಕು. ಪಕ್ಕದವರು ಮೀಟರ್ ಓದಿ ಬರೆದುಕೊಳ್ಳಬೇಕು. ಇಬ್ಬರು ಸೇರಿ ಮಾಡುವ ಕೆಲಸ, ಹಾಗಾಗಿ ಯಾರೂ ಸುಮ್ಮನೆ ಕೂರುವುದಿಲ್ಲ.

ಒಂದು ಗುಂಪಿನ ನೋಟ್‌ಬುಕ್ ನನ್ನ ಮುಂದಿದೆ. ಕೆಂಪು 1.60 ವೋಲ್ಟ್. ಹಳದಿ 1.68. ಹಸಿರು 2.02. ನೀಲಿ 2.31. ನೇರಳೆ 2.75. ಆರನೆಯದು ಕಣ್ಣಿಗೆ ಕಾಣದ ಅವಕೆಂಪು, 940 ನ್ಯಾನೋಮೀಟರ್. ಅದನ್ನು ಫೋನ್ ಕ್ಯಾಮೆರಾದಲ್ಲಿ ನೋಡಿದರೆ ನಸು ನೇರಳೆ ಚುಕ್ಕಿ ಕಾಣುತ್ತದೆ. ಮಕ್ಕಳು ಅದಕ್ಕಾಗಿ ಸಾಲು ನಿಲ್ಲುತ್ತಾರೆ. ಆದರೆ ಕಣ್ಣಿನ ಅಳತೆಗೂ ಕ್ಯಾಮೆರಾ ಅಳತೆಗೂ ತಾಳೆ ಹಾಕಲಾಗದ ಕಾರಣ ಆ ಅಂಕಿಯನ್ನು ನಾವು ಗ್ರಾಫಿಗೆ ಸೇರಿಸುವುದಿಲ್ಲ.

ಕೈಪಿಡಿಯ ಮೊದಲ ತೊಂದರೆ ಇಲ್ಲಿ ಎದುರಾಯಿತು. ಯಾವುದಾದರೂ ಒಂದು ಎಲ್‌ಇಡಿ ತಗೊಂಡು, ವೋಲ್ಟೇಜ್ ಮತ್ತು ತರಂಗಾಂತರವನ್ನು ಸೂತ್ರಕ್ಕೆ ಹಾಕಿ, ಪ್ಲಾಂಕ್ ಸ್ಥಿರಾಂಕ ಪಡೆಯಿರಿ ಅಂತ ಅದು ಹೇಳುತ್ತದೆ. ಕೆಂಪಿನಲ್ಲಿ ಹಾಗೆ ಮಾಡಿದರೆ 5.4 × 10⁻³⁴ ಬರುತ್ತದೆ. ನಿಜವಾದ ಬೆಲೆ 6.626 × 10⁻³⁴ ಜೂಲ್ ಸೆಕೆಂಡ್. ಮಕ್ಕಳು ತಾವೇ ತಪ್ಪು ಮಾಡಿದ್ದೇವೆ ಅಂದುಕೊಂಡು ಮತ್ತೆ ಮತ್ತೆ ಅಳೆದರು. ತಪ್ಪು ಅವರದ್ದಲ್ಲ. ಎಲ್‌ಇಡಿಯೊಳಗಿನ ಎಲೆಕ್ಟ್ರಾನ್‌ಗಳೆಲ್ಲ ಒಂದೇ ಶಕ್ತಿಯಲ್ಲಿ ಇರುವುದಿಲ್ಲ, ಕೋಣೆಯ ಶಾಖದಿಂದ ಕೆಲವು ಸ್ವಲ್ಪ ಮೇಲಿರುತ್ತವೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ತೀರಾ ಮಂದ ಬೆಳಕನ್ನೂ ಹಿಡಿಯುತ್ತದೆ. ಹೀಗಾಗಿ ಪೂರ್ತಿ ವೋಲ್ಟೇಜ್ ತಲುಪುವ ಮೊದಲೇ ಬೆಳಕು ಕಾಣುತ್ತದೆ. ಈ ಕೊರತೆ ಎಲ್ಲ ಬಣ್ಣದಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಎಲ್ಲ ಅಂಕಿಗಳನ್ನೂ ಗ್ರಾಫಿನಲ್ಲಿ ಇಟ್ಟು ಗೆರೆಯ ಇಳಿಜಾರು ತೆಗೆದರೆ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಅಡ್ಡಕ್ಕೆ ತರಂಗಾಂತರದ ವ್ಯುತ್ಕ್ರಮ (1 ಭಾಗಿಸು ತರಂಗಾಂತರ), ಉದ್ದಕ್ಕೆ ವೋಲ್ಟೇಜ್. ದಯವಿಟ್ಟು ಮೊದಲ ದಿನದಿಂದಲೇ ಗ್ರಾಫ್ ಮಾಡಿಸಿ.

ನಾವು ಗ್ರಾಫ್ ಮಾಡಿದೆವು. ನಾಲ್ಕು ಚುಕ್ಕಿ ಹೆಚ್ಚುಕಡಿಮೆ ಸಾಲಾಗಿ ಕೂತವು. ಹಸಿರು ಮಾತ್ರ ಗೆರೆಯಿಂದ ಮೇಲೆ ನಿಂತಿತು, ಎದ್ದು ಕಾಣುವಷ್ಟು. ಎಲ್ಲ ಗುಂಪಿನಲ್ಲೂ ಹೀಗೇ. ನಾನು ಮೊದಲು ಎಲ್‌ಇಡಿ ಕೆಟ್ಟಿದೆ ಅಂದುಕೊಂಡೆ. ಡಬ್ಬಿಯ ಮೇಲೆ ಹಸಿರು ಅಂತ ಬರೆದು ಕೆಳಗೆ 565 ನ್ಯಾನೋಮೀಟರ್ ಅಂತ ಅಚ್ಚಾಗಿತ್ತು. ಹಿಂದಿನ ಬೆಂಚಿನ ಒಬ್ಬಳು ಬಂದು, "ಮೇಡಂ, ಇದು 565 ಅಂತ ನಮಗೆ ಹೇಗೆ ಗೊತ್ತು?" ಅಂತ ಕೇಳಿದಳು.

ಅಳೆಯೋಣ ಅಂದೆ. ಮೀಟರ್ ಪಟ್ಟಿಯ ಸೊನ್ನೆಯ ಹತ್ತಿರ ಎಲ್‌ಇಡಿ ಇಟ್ಟೆವು. ಅವಳು ಸರಿಯಾಗಿ ಒಂದು ಮೀಟರ್ ದೂರದಲ್ಲಿ ನಿಂತು, ಗ್ರೇಟಿಂಗನ್ನು ಕಣ್ಣಿಗೆ ಹಿಡಿದಳು. ಗ್ರೇಟಿಂಗ್ ಮೂಲಕ ನೋಡಿದರೆ ಎಲ್‌ಇಡಿ ತನ್ನ ಜಾಗದಲ್ಲೂ ಕಾಣುತ್ತದೆ, ಪಕ್ಕದಲ್ಲೂ ಅದರ ಬಣ್ಣದ ಪ್ರತಿ ಕಾಣುತ್ತದೆ. ಅವಳ ಗೆಳತಿ ಪೆನ್ಸಿಲನ್ನು ಪಟ್ಟಿಯ ಮೇಲೆ ಮೆಲ್ಲಗೆ ಸರಿಸುತ್ತಾ ಹೋದಳು. "ಇನ್ನೂ ಸ್ವಲ್ಪ. ಇನ್ನೂ. ಸಾಕು, ನಿಲ್ಲು." ಪೆನ್ಸಿಲ್ ನಿಂತದ್ದು 27 ಸೆಂಟಿಮೀಟರ್ ಹತ್ತಿರ. 565 ಆಗಿದ್ದರೆ ಅದು 29.5ರ ಹತ್ತಿರ ನಿಲ್ಲಬೇಕಿತ್ತು. ಎರಡು ಸೆಂಟಿಮೀಟರಿಗೂ ಮಿಕ್ಕ ವ್ಯತ್ಯಾಸ, ಕೈ ನಡುಗಿತು ಅಂತ ಬಿಡುವ ಹಾಗಿಲ್ಲ. ಲೆಕ್ಕ ಹಾಕಿದರೆ ಬಂದದ್ದು ಸುಮಾರು 522 ನ್ಯಾನೋಮೀಟರ್. ಈಗ ಎಲ್ಲೆಲ್ಲೂ ಸಿಗುವ ಹೊಳಪು ಹಸಿರು ಎಲ್‌ಇಡಿ 525ರ ಆಸುಪಾಸಿನದ್ದು. 565 ಅನ್ನೋದು ಹಳೆಯ ತರಹದ, ಹಳದಿ ಬೆರೆತ ಮಂದ ಹಸಿರಿನ ಎಲ್‌ಇಡಿಗೆ ಸೇರಿದ ಅಂಕಿ. ತಯಾರಕರು ಎಲ್‌ಇಡಿ ಬದಲಿಸಿದ್ದಾರೆ, ಲೇಬಲ್ ಬದಲಿಸಲು ಮರೆತಿದ್ದಾರೆ.

525 ಹಾಕಿ ಚುಕ್ಕಿ ಸರಿಸಿದರು. ಅದು ಹೋಗಿ ಗೆರೆಯ ಪಕ್ಕದಲ್ಲೇ ಕೂತಿತು. ಆ ಗುಂಪಿನ ಇಳಿಜಾರಿನಿಂದ ಬಂದ ಪ್ಲಾಂಕ್ ಸ್ಥಿರಾಂಕ 6.7 × 10⁻³⁴. ಒಂದು ಕಾಗದದ ಕೊಳವೆ, ಒಂದು ನಾಬ್, ಎರಡು ಜೊತೆ ಕಣ್ಣು, ಇಷ್ಟರಿಂದ ಪ್ರಕೃತಿಯ ಒಂದು ಮೂಲ ಸಂಖ್ಯೆಯ ಇಷ್ಟು ಹತ್ತಿರ ಹೋದರು. ಬೇರೆ ಗುಂಪುಗಳಿಗೆ 6.0ರಿಂದ 7.3ರವರೆಗೆ ಬಂತು. ಅದೂ ನನಗೆ ಒಳ್ಳೆಯ ಫಲಿತಾಂಶವೇ. ಈ ಸಂಖ್ಯೆಯನ್ನು 2019ರ ಮೇ 20ರಿಂದ ಜಗತ್ತು ಅಳೆಯುವುದನ್ನೇ ನಿಲ್ಲಿಸಿದೆ. 6.62607015 × 10⁻³⁴ ಅಂತ ನಿಗದಿ ಮಾಡಿ, ಅದರಿಂದಲೇ ಕಿಲೋಗ್ರಾಂ ಎಷ್ಟು ಅಂತ ಹೇಳುತ್ತಾರೆ. ಇದನ್ನು ಹೇಳಿದಾಗ ಒಬ್ಬ ತನ್ನ ನೋಟ್‌ಬುಕ್ಕಿನ 6.7ರ ಸುತ್ತ ಗೆರೆ ಎಳೆದದ್ದನ್ನು ನೋಡಿದೆ.

ಡಬ್ಬಿಯ ಕುಂದುಗಳನ್ನೂ ಹೇಳಬೇಕು. ನಾಬ್ ತುಂಬ ಒರಟು. ಕೂದಲೆಳೆಯಷ್ಟು ತಿರುಗಿಸಿದರೆ ವೋಲ್ಟೇಜ್ 0.05 ಹಾರುತ್ತದೆ, ನಮಗೆ ಬೇಕಾದದ್ದು 0.01. ನಾನು ಅದಕ್ಕೆ ಸಾಲಿನಲ್ಲಿ ಇನ್ನೊಂದು ಸಣ್ಣ ಬೆಲೆಯ ನಾಬ್ ಬೆಸುಗೆ ಹಾಕಿಸಿದೆ. ದೊಡ್ಡದರಲ್ಲಿ ಹತ್ತಿರ ಹೋಗಿ ಸಣ್ಣದರಲ್ಲಿ ಹಿಡಿಯುವುದು. ಆಮೇಲೆ ಅಳತೆಗಳು ಎಷ್ಟೋ ಸುಧಾರಿಸಿದವು. ನೇರಳೆ ಎಲ್‌ಇಡಿಯ ಒಂದು ಕಾಲು ಮೂರನೇ ತಿಂಗಳಲ್ಲಿ ಬಿಟ್ಟುಕೊಂಡಿತು, ತಿಳಿಸಿದ ಮೇಲೆ ಹೊಸದು ಕಳಿಸಿಕೊಟ್ಟರು. ಕೊಳವೆ ಒಂದೇ ಕೊಟ್ಟಿದ್ದಾರೆ, ಅದು ಸಾಲದು. ಕಪ್ಪು ಕಾಗದ ಸುತ್ತಿ ನಾವೇ ಐದು ಮಾಡಿಕೊಂಡೆವು. ಹಳದಿಯ ಚುಕ್ಕಿ ಗೆರೆಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಕೆಂಪು, ಹಳದಿ ಎಲ್‌ಇಡಿಗಳನ್ನು ಮಾಡುವ ವಸ್ತು ಬೇರೆ. ಹಸಿರು, ನೀಲಿ, ನೇರಳೆಯನ್ನು ಮಾಡುವ ವಸ್ತು ಬೇರೆ. ಎರಡು ಕುಟುಂಬ ಒಂದೇ ಗೆರೆಯಲ್ಲಿ ಪೂರ್ತಿ ಹೊಂದಿಕೊಳ್ಳುವುದಿಲ್ಲ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಪೋಲರಾಯ್ಡ್ ತುಂಡುಗಳು ಚೆನ್ನಾಗಿವೆ, ಗೀರು ಬಿದ್ದಿಲ್ಲ. ಎರಡನ್ನು ಅಡ್ಡಡ್ಡ ಇಟ್ಟರೆ ಕತ್ತಲು. ಮಧ್ಯೆ ಮೂರನೆಯದನ್ನು 45 ಡಿಗ್ರಿಯಲ್ಲಿ ತೂರಿಸಿದರೆ ಬೆಳಕು ಮತ್ತೆ ಬರುತ್ತದೆ. ಇದನ್ನು ಕೈಪಿಡಿ ಕ್ವಾಂಟಮ್ ಪವಾಡ ಅಂತ ಕರೆದಿದೆ. ಅಷ್ಟು ದೂರ ಹೋಗಬೇಕಿಲ್ಲ, ಬೆಳಕು ಅಲೆ ಅಂತ ಇಟ್ಟುಕೊಂಡೇ ಇದನ್ನು ಪೂರ್ತಿ ವಿವರಿಸಬಹುದು. ನಾನು ಇದನ್ನು ಬೇರೆ ಪ್ರಶ್ನೆಗೆ ಬಳಸುತ್ತೇನೆ. ಅರ್ಧ ಬೆಳಕು ದಾಟಿತು ಅಂತ ಅಲೆಯ ಲೆಕ್ಕ ಹೇಳುತ್ತದೆ. ಒಂದೇ ಫೋಟಾನ್ ಬಂದರೆ? ಅರ್ಧ ಫೋಟಾನ್ ಅಂತ ಇಲ್ಲ. ದಾಟಬೇಕು ಇಲ್ಲವೇ ನಿಲ್ಲಬೇಕು. ಯಾವುದು ದಾಟುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ, ಎಷ್ಟು ಪಾಲು ದಾಟುತ್ತವೆ ಅಂತ ಮಾತ್ರ ಹೇಳಬಹುದು. ಸಂಭವನೀಯತೆ ಅನ್ನೋ ಮಾತು ಇಲ್ಲಿ ತಾನಾಗೇ ಬರುತ್ತದೆ.

ಈಗ ನನಗೆ ನಿಜವಾಗಿ ಬೇಸರ ತಂದ ಪುಟ. ಲೇಸರನ್ನು ಎರಡು ಸೀಳಿನ ಮೇಲೆ ಬಿಟ್ಟರೆ ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಬೀಳುತ್ತದೆ, ಬೆಳಕು ಅಲೆಯಂತೆ ನಡೆಯುವುದರ ಗುರುತು ಅದು. ತುಂಬ ಸೊಗಸು, ಸ್ಲೈಡ್ ಕೂಡ ಒಳ್ಳೆಯದು. ಆಮೇಲೆ ಎರಡು ಕಪ್ಪು ಫಿಲ್ಮ್ ಅಡ್ಡ ಇಡಿ, ಪಟ್ಟೆಗಳು ಮಂದವಾದರೂ ಉಳಿಯುತ್ತವೆ, ಈಗ ಫೋಟಾನ್‌ಗಳು ಒಂದೊಂದಾಗಿ ಹೋಗುತ್ತಿವೆ ಅಂತ ಕೈಪಿಡಿ ಬರೆದಿದೆ. ಮೊದಲ ಬ್ಯಾಚಿಗೆ ನಾನು ಇದನ್ನು ಹಾಗೇ ಓದಿ ಹೇಳಿದೆ. ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ಹೊಂದಲಿಲ್ಲ. ಮರುದಿನ ಅದೇ ಮಕ್ಕಳ ಮುಂದೆ, ನಿನ್ನೆ ಹೇಳಿದ್ದು ಸರಿಯಿಲ್ಲ, ನೀವೇ ಲೆಕ್ಕ ಮಾಡಿ ಅಂತ ಬೋರ್ಡ್ ಬಿಟ್ಟುಕೊಟ್ಟೆ.

ಲೆಕ್ಕ ಹೀಗಿದೆ. ಲೇಸರ್ 1 ಮಿಲಿವ್ಯಾಟ್. ಒಂದು ಕೆಂಪು ಫೋಟಾನಿನ ಶಕ್ತಿ ಸುಮಾರು 3.06 × 10⁻¹⁹ ಜೂಲ್. ಭಾಗಿಸಿದರೆ ಸೆಕೆಂಡಿಗೆ 3.3 × 10¹⁵ ಫೋಟಾನ್, ಅಂದರೆ 33 ಕೋಟಿ ಕೋಟಿ. ಲೇಸರ್‌ನಿಂದ ಗೋಡೆಗೆ ಒಂದು ಮೀಟರ್. ಬೆಳಕು ಅದನ್ನು 3.3 ನ್ಯಾನೋಸೆಕೆಂಡಿನಲ್ಲಿ ದಾಟುತ್ತದೆ. ಹಾಗಾದರೆ ಯಾವುದೇ ಕ್ಷಣದಲ್ಲಿ ಆ ಒಂದು ಮೀಟರಿನ ದಾರಿಯಲ್ಲಿ ಎಷ್ಟು ಫೋಟಾನ್ ಇರುತ್ತವೆ? ಗುಣಿಸಿದರೆ ಒಂದು ಕೋಟಿ ಹತ್ತು ಲಕ್ಷದ ಹತ್ತಿರ. ಒಂದೊಂದು ಫಿಲ್ಮ್ ಬೆಳಕನ್ನು ನೂರರಲ್ಲಿ ಒಂದು ಪಾಲಿಗೆ ತಗ್ಗಿಸುತ್ತದೆ ಅಂತ ಕೈಪಿಡಿಯೇ ಹೇಳುತ್ತದೆ. ಎರಡೂ ಸೇರಿದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಆಗಲೂ ದಾರಿಯಲ್ಲಿ 1,100 ಫೋಟಾನ್ ಒಟ್ಟಿಗೆ ಇರುತ್ತವೆ. ಬೋರ್ಡಿನ ಮುಂದಿದ್ದ ಹುಡುಗ ಉತ್ತರದ ಕೆಳಗೆ ಎರಡು ಗೆರೆ ಎಳೆದು, "ಒಂದೊಂದಾಗಿ ಅಲ್ಲ, ಸಾವಿರದ ನೂರು ಒಟ್ಟಿಗೆ" ಅಂತ ಬರೆದ.

ನಿಜವಾಗಿ ಒಂದೊಂದಾಗಿ ಕಳಿಸಬೇಕಾದರೆ ಈ ಲೇಸರನ್ನು ಕೋಟಿ ಪಟ್ಟಿಗೂ ಹೆಚ್ಚು ತಗ್ಗಿಸಬೇಕು. ಆಗ ಗೋಡೆಯ ಮೇಲಿನ ಪಟ್ಟೆ ಕಣ್ಣಿಗೆ ಕಾಣುವುದಿಲ್ಲ, ಬಹಳ ಹೊತ್ತು ಬೆಳಕು ಕೂಡಿಟ್ಟುಕೊಳ್ಳುವ ಫಲಕವೋ ಸೂಕ್ಷ್ಮವಾದ ಡಿಟೆಕ್ಟರೋ ಬೇಕು. ಹೀಗೆ ಮಾಡಿದವರು ಇದ್ದಾರೆ. 1909ರಲ್ಲಿ ಕೇಂಬ್ರಿಜ್‌ನ ಜಿ. ಐ. ಟೇಲರ್, ಗ್ಯಾಸ್ ದೀಪದ ಬೆಳಕನ್ನು ಹೊಗೆ ಹಿಡಿಸಿದ ಗಾಜಿನಿಂದ ತಗ್ಗಿಸಿ, ಒಂದು ಸೂಜಿಯ ನೆರಳನ್ನು ಫೋಟೋ ಫಲಕದ ಮೇಲೆ ಬೀಳಿಸಿದರು. ಅತಿ ಉದ್ದದ ಫೋಟೋ ತೆಗೆಯಲು ಸುಮಾರು 2,000 ಗಂಟೆ ಹಿಡಿಯಿತು, ಅಂದರೆ ಸುಮಾರು ಮೂರು ತಿಂಗಳು. ಅಷ್ಟು ಮಂದ ಬೆಳಕಿನಲ್ಲೂ ಸೂಜಿಯ ಅಂಚಿನ ಪಟ್ಟೆಗಳು ಹಾಗೇ ಇದ್ದವು. ಈ ಕಥೆಯನ್ನು ಕೈಪಿಡಿ ಹಾಕಿಕೊಂಡು, ನಮ್ಮ ಫಿಲ್ಮಿಗೆ ಅಷ್ಟು ಶಕ್ತಿ ಇಲ್ಲ ಅಂತ ಒಂದು ಸಾಲು ಬರೆದಿದ್ದರೆ ನನಗೆ ಯಾವ ತಕರಾರೂ ಇರುತ್ತಿರಲಿಲ್ಲ.

ಇನ್ನೊಂದು ಕಡೆಯೂ ಕೈಪಿಡಿ ಅವಸರ ಮಾಡುತ್ತದೆ. ದ್ಯುತಿವಿದ್ಯುತ್ ಪರಿಣಾಮ ಬೆಳಕು ಕಣ ಅಂತ ಸಾಬೀತು ಮಾಡಿತು, ಅಲ್ಲಿಗೆ ಮುಗಿಯಿತು ಅನ್ನುತ್ತದೆ. ಇತಿಹಾಸ ಅಷ್ಟು ನೆಟ್ಟಗೆ ನಡೆಯಲಿಲ್ಲ. ನೇರಳಾತೀತ ಬೆಳಕು ಬಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ ಅಂತ ಹರ್ಟ್ಸ್ ಗಮನಿಸಿದ್ದು 1887ರಲ್ಲಿ. ಐನ್‌ಸ್ಟೈನ್ ಬೆಳಕಿನ ಕ್ವಾಂಟಮ್, ಅಂದರೆ ಬೆಳಕಿನ ಗಂಟು, ಅಂತ ಬರೆದದ್ದು 1905ರಲ್ಲಿ. ಮಿಲಿಕನ್ ಹತ್ತು ವರ್ಷದ ದುಡಿಮೆಯ ಕೊನೆಗೆ 1916ರಲ್ಲಿ, ಹೊರಬಂದ ಎಲೆಕ್ಟ್ರಾನಿನ ಶಕ್ತಿ ಬೆಳಕಿನ ಬಣ್ಣಕ್ಕೆ ತಕ್ಕಂತೆ ಎಷ್ಟು ಅಂತ ಹೇಳುವ ಐನ್‌ಸ್ಟೈನರ ಸಮೀಕರಣ ಅಕ್ಷರಶಃ ಸರಿ ಅಂತ ತೋರಿಸಿದರು, ಆದರೂ ಬೆಳಕಿನ ಗಂಟು ಅನ್ನೋ ಕಲ್ಪನೆಯನ್ನು ಆಗ ಅವರೇ ಒಪ್ಪಲಿಲ್ಲ. 1923ರಲ್ಲಿ ಕಾಂಪ್ಟನ್, ಎಕ್ಸ್‌ರೇ ಎಲೆಕ್ಟ್ರಾನಿಗೆ ಬಡಿದು ಶಕ್ತಿ ಕಳೆದುಕೊಳ್ಳುವುದನ್ನು ತೋರಿಸಿದ ಮೇಲೆ ಬಹಳ ಜನ ಒಪ್ಪಿದರು. ಫೋಟಾನ್ ಅನ್ನೋ ಹೆಸರು ಚಾಲ್ತಿಗೆ ಬಂದದ್ದು 1926ರಲ್ಲಿ, ಗಿಲ್ಬರ್ಟ್ ಲೂಯಿಸ್ ಬರೆದ ಪತ್ರದಿಂದ. ಮಕ್ಕಳಿಗೆ ಈ ಮಿಲಿಕನ್ ಭಾಗ ಬಹಳ ಹಿಡಿಸುತ್ತದೆ. ತನ್ನ ಅಳತೆಯೇ ತನ್ನ ನಂಬಿಕೆಗೆ ವಿರುದ್ಧ ಬಂದರೂ ಆ ಮನುಷ್ಯ ಅಳತೆಯನ್ನು ಮುಚ್ಚಿಡಲಿಲ್ಲ.

ಇಷ್ಟಾದ ಮೇಲೂ 1969ರಲ್ಲಿ ಲ್ಯಾಂಬ್ ಮತ್ತು ಸ್ಕಲ್ಲಿ, ಲೋಹದೊಳಗಿನ ಎಲೆಕ್ಟ್ರಾನಿಗೆ ಮಾತ್ರ ಕ್ವಾಂಟಮ್ ನಿಯಮ ಹಚ್ಚಿ, ಬೆಳಕನ್ನು ಅಲೆಯಾಗಿಯೇ ಉಳಿಸಿಕೊಂಡರೂ ಐನ್‌ಸ್ಟೈನರ ಸಮೀಕರಣ ಬರುತ್ತದೆ ಅಂತ ತೋರಿಸಿದರು. ಅಂದರೆ ನಮ್ಮ ಎಲ್‌ಇಡಿ ಡಬ್ಬಿ ಮತ್ತು ಹೊಳೆಯುವ ಹಾಳೆ, ಶಕ್ತಿಯ ಕೊಡುಕೊಳ್ಳುವಿಕೆ ಗಂಟುಗಂಟಾಗಿ ನಡೆಯುತ್ತದೆ ಅಂತ ತೋರಿಸುತ್ತವೆ. ಬೆಳಕು ತಾನೇ ಗಂಟಾಗಿ ಪ್ರಯಾಣ ಮಾಡುತ್ತದೆಯೇ ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೆ 1986ರಲ್ಲಿ ಫ್ರಾನ್ಸಿನ ಓರ್ಸೇಯಲ್ಲಿ ಗ್ರಾಂಜಿಯೆ, ರೋಜೆ, ಆಸ್ಪೆ ಮಾಡಿದ ಪ್ರಯೋಗಕ್ಕೆ ಹೋಗಬೇಕು. ಕ್ಯಾಲ್ಸಿಯಂ ಪರಮಾಣು ಒಂದರ ಹಿಂದೆ ಒಂದು ಎರಡು ಫೋಟಾನ್ ಬಿಡುತ್ತದೆ. ಮೊದಲನೆಯದು ಬಂತು ಅಂದರೆ ಎರಡನೆಯದು ಹೊರಟಿದೆ ಅಂತ ಗೊತ್ತಾಗುತ್ತದೆ. ಆ ಎರಡನೆಯದನ್ನು ಅರ್ಧ ಬೆಳಕು ಬಿಡುವ, ಅರ್ಧ ಬೆಳಕು ತಿರುಗಿಸುವ ಗಾಜಿಗೆ ಕಳಿಸಿ, ಎರಡೂ ಕಡೆ ಡಿಟೆಕ್ಟರ್ ಇಟ್ಟರು. ಅಲೆಯಾಗಿದ್ದರೆ ಎರಡೂ ಕಡೆ ಒಟ್ಟಿಗೆ ಎಷ್ಟು ಸಲ ಟಿಕ್ ಅನ್ನಬೇಕಿತ್ತೋ, ಅದಕ್ಕಿಂತ ಬಹಳ ಕಡಿಮೆ ಸಲ ಅಂದಿತು. ಫೋಟಾನ್ ಇಲ್ಲ ಈ ಕಡೆ, ಇಲ್ಲ ಆ ಕಡೆ. ಅದೇ ಫೋಟಾನ್‌ಗಳನ್ನು ಎರಡು ದಾರಿ ಮತ್ತೆ ಸೇರುವ ಹಾಗೆ ಕಳಿಸಿದಾಗ ಅಲೆಯ ಪಟ್ಟೆಗಳೂ ಬಂದವು. ಇಂಥ ಶಾಲಾ ಕಿಟ್ ಇದನ್ನು ಮಾಡಿ ತೋರಿಸಲಾರದು. ಆದರೆ ಬೋರ್ಡಿನ ಮೇಲೆ ಚಿತ್ರ ಬರೆದು, ಎರಡು ಡಿಟೆಕ್ಟರಿನ ಜಾಗದಲ್ಲಿ ಇಬ್ಬರು ಮಕ್ಕಳನ್ನು ನಿಲ್ಲಿಸಿ ಹೇಳಬಹುದು. ನಾನು ಹಾಗೆ ಮಾಡುತ್ತೇನೆ, ಒಂದು ಪೀರಿಯಡ್ ಪೂರ್ತಿ ಬೇಕಾಗುತ್ತದೆ.

ಕಿಟ್ ಜೊತೆಗೆ ಕಂಪ್ಯೂಟರಿನಲ್ಲಿ ಫೆಟ್ (PhET) ಸಿಮ್ಯುಲೇಷನ್, ಅಂದರೆ ಪರದೆಯ ಮೇಲೆ ಮಾಡುವ ಪ್ರಯೋಗ, ಇಟ್ಟುಕೊಳ್ಳಿ. ಕೊಲರಾಡೋ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವುದು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ. ಅದರ ದ್ಯುತಿವಿದ್ಯುತ್ ಪ್ರಯೋಗದಲ್ಲಿ ಸೋಡಿಯಂ, ಸತು, ತಾಮ್ರ ಅಂತ ಲೋಹ ಬದಲಿಸಬಹುದು. ಕಿಟ್‌ನಲ್ಲಿ ಲೋಹವೇ ಇಲ್ಲ, ಆ ಜಾಗ ಇದು ತುಂಬುತ್ತದೆ. ಆದರೆ ಕಿಟ್ ಮೊದಲು, ಪರದೆ ಆಮೇಲೆ. ಒಮ್ಮೆ ತಿರುಗಾಮುರುಗಾ ಮಾಡಿ ನೋಡಿದೆ. ಪರದೆಯಲ್ಲಿ ಎಲ್ಲವೂ ಸರಿಯಾಗಿ ಬರುವುದರಿಂದ ಮಕ್ಕಳಿಗೆ ಡಬ್ಬಿಯ ಅಂಕಿಗಳು ಕೆಟ್ಟದಾಗಿ ಕಂಡವು, ಆಸಕ್ತಿ ಇಳಿಯಿತು.

ಸುರಕ್ಷತೆಯ ಮಾತು. ಲೇಸರನ್ನು ಯಾರ ಕಣ್ಣಿಗೂ ತಿರುಗಿಸಬಾರದು, ಹೊಳೆಯುವ ಲೋಹದ ವಸ್ತು ಮೇಜಿನ ಮೇಲೆ ಇರಬಾರದು. ನೇರಳೆ ಎಲ್‌ಇಡಿಯನ್ನು ಕೊಳವೆಯಲ್ಲಿ ನೋಡುವುದು ಅದು ಆಗಷ್ಟೇ ಕಾಣಿಸುವ ಮಟ್ಟದಲ್ಲಿ ಮಾತ್ರ. ಪೂರ್ತಿ ಏರಿಸಿ ನೋಡಿದರೆ ಕಣ್ಣಿಗೆ ಹಾನಿ, ಅದರ ಬೆಳಕು ಕಣ್ಣಿಗೆ ಮಂದವಾಗಿ ಕಂಡರೂ ಇರುವುದು ಜಾಸ್ತಿ. ನಾಬನ್ನು ಸೊನ್ನೆಯಿಂದ ಮೇಲಕ್ಕೆ ತಿರುಗಿಸುವ ಅಭ್ಯಾಸ ಮಾಡಿಸಿ.

ಕೊಳ್ಳುವವರು ಮೂರು ಮಾತು ಕೇಳಿ ಕೊಳ್ಳಿ: ಗ್ರೇಟಿಂಗ್ ಜೊತೆಗೇ ಬರುತ್ತದೆಯೇ, ಹಸಿರು ಎಲ್‌ಇಡಿಯ ತರಂಗಾಂತರ ಎಷ್ಟು, ಕೆಟ್ಟ ಎಲ್‌ಇಡಿ ಬಿಡಿಯಾಗಿ ಸಿಗುತ್ತದೆಯೇ. 30 ಮಕ್ಕಳಿಗೆ ಒಂದು ಡಬ್ಬಿ ಸಾಲದು, ಎರಡಾದರೂ ಬೇಕು. ಇಲ್ಲದಿದ್ದರೆ ಹಿಂದೆ ನಿಂತವರಿಗೆ ಕತ್ತಲು ಬಿಟ್ಟು ಬೇರೇನೂ ಕಾಣುವುದಿಲ್ಲ.

ತಯಾರಕರಿಗೆ ಮಕ್ಕಳೇ ಪತ್ರ ಬರೆದರು. ಹಸಿರಿನ ಅಳತೆಯ ಗ್ರಾಫ್, ಫೋಟಾನ್ ಎಣಿಸಿದ ಲೆಕ್ಕ, ಎರಡನ್ನೂ ಜೊತೆಗೆ ಇಟ್ಟರು. ಲೇಬಲ್ ತಿದ್ದುತ್ತೇವೆ ಅಂತ ಉತ್ತರ ಬಂತು. ಒಂದೊಂದಾಗಿ ಹೋಗುವ ಫೋಟಾನಿನ ಪುಟದ ಬಗ್ಗೆ ಇನ್ನೂ ಏನೂ ಹೇಳಿಲ್ಲ. ಅಲ್ಲಿಯವರೆಗೆ ನಮ್ಮ ಲ್ಯಾಬಿನ ಕೈಪಿಡಿಯಲ್ಲಿ ಆ ಪುಟದ ಮೇಲೆ ಆ ಹುಡುಗನ ಲೆಕ್ಕದ ಹಾಳೆಯನ್ನೇ ಅಂಟಿಸಿದ್ದೇನೆ, 1,100ರ ಕೆಳಗೆ ಎರಡು ಗೆರೆ ಸಮೇತ.